ಕಾವಲಿನಲ್ಲಿ ಇಳಿದ ಯಂತ್ರಗಳು

2016ರ ಜನವರಿಯ ಮೊದಲ ವಾರ ತುಮಕೂರು ಸೀಮೆಯ ಮಟ್ಟಿಗೆ ವಿಚಿತ್ರವಾದ ವಾರ. 3ನೇ ತಾರೀಕು ಪ್ರಧಾನಿ ನರೇಂದ್ರ ಮೋದಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 103ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ಸನ್ನು ಉದ್ಘಾಟಿಸಿದರು. ದೇಶದ ಸ್ವದೇಶಿ ಅಭಿವೃದ್ಧಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಎಂಬುದು ಆ ವರ್ಷದ ವಿಷಯ. ಅದೇ ದಿನ ಅವರು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ಬಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಹಿಂದಿನ ದಿನವಷ್ಟೇ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದ್ದರಿಂದ ಸೇನೆಗೆ ಹೊಸ ಹೆಲಿಕಾಪ್ಟರ್ ಎಂಬ ಮಾತಿಗೆ ಅಂದು ಬೇರೆಯೇ ತೂಕ ಬಂದಿತ್ತು. ಜನವರಿ 6ರಂದು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಗಡಿಯಾರ ಕಾರ್ಖಾನೆ ಆ ಕಂಪನಿಗೆ ಸೇರಿದ್ದು. ಒಂದು ಕಡೆ ಅಡಿಗಲ್ಲು, ಇನ್ನೊಂದು ಕಡೆ ಬೀಗ. ಎರಡೂ ಕೇಂದ್ರ ಸರ್ಕಾರದ ಉದ್ದಿಮೆಗಳು, ಎರಡರ ಮುಖ್ಯ ಕಚೇರಿಯೂ ಬೆಂಗಳೂರು. ಅಡಿಗಲ್ಲಿನ ಸುದ್ದಿ ಮುಖಪುಟಕ್ಕೆ ಹೋಯಿತು, ಬೀಗದ ಸುದ್ದಿ ಒಳಪುಟಕ್ಕೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ.

ತಂತ್ರಜ್ಞಾನದ ಬಗ್ಗೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಅಭಿಪ್ರಾಯಗಳು ಹೆಚ್ಚಾಗಿ ಅದು ಬರುವ ದಿನಕ್ಕೇ ಗಂಟುಬಿದ್ದಿವೆ. ಕಾರ್ಖಾನೆ ಬಂದರೆ ಜಿಲ್ಲೆಯ ಹಣೆಬರಹ ಬದಲಾಗುತ್ತದೆ ಎಂದು ಒಬ್ಬರು, ಭೂಮಿ ಹೋಯಿತು ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಇಬ್ಬರೂ ನೋಡುತ್ತಿರುವುದು ಹೆಬ್ಬಾಗಿಲನ್ನು. ಗುಬ್ಬಿ, ಕುಣಿಗಲ್, ತುಮಕೂರು, ಕೋರ ಇವಿಷ್ಟನ್ನು ಒಂದು ಸೀಮೆಯೆಂದು ಇಟ್ಟುಕೊಂಡು ಮುನ್ನೂರು ವರ್ಷದ ಲೆಕ್ಕ ತೆಗೆದರೆ, ರಾಜ್ಯಶಕ್ತಿ ಇಲ್ಲಿಗೆ ದೊಡ್ಡ ತಂತ್ರಜ್ಞಾನಗಳನ್ನು ಮೇಲಿಂದ ಮೇಲೆ ತಂದು ಇಳಿಸಿದೆ. ಫಿರಂಗಿ ಎಳೆಯುವ ಎತ್ತು, ಅಶ್ವದಳದ ಕುದುರೆ, ಕೈಗಡಿಯಾರ, ಈಗ ಹೆಲಿಕಾಪ್ಟರ್. ಒಂದನ್ನೂ ಊರು ಬೇಡಿ ತರಿಸಿಕೊಂಡದ್ದಲ್ಲ. ಹೊರಗಿನ ಯುದ್ಧ, ವಿದೇಶಿ ವಿನಿಮಯ, ಗಡಿ ತಂಟೆಗಳ ಒತ್ತಡಕ್ಕೆ ಬಂದವು. ಆ ಒತ್ತಡ ಸರಿದ ಮೇಲೆ ಯಾವುದು ಉಳಿಯಿತು, ಯಾವುದು ಅಳಿಯಿತು ಎಂದು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ತಂತ್ರಜ್ಞಾನ ಎಷ್ಟು ಹೊಸದು, ಎಲ್ಲಿಂದ ಬಂತು ಎಂಬುದು ಅದರ ಆಯುಸ್ಸನ್ನು ನಿರ್ಧರಿಸಲಿಲ್ಲ. ಅದನ್ನು ಮತ್ತೆ ಹುಟ್ಟಿಸುವ, ಸರಿಮಾಡುವ ತಿಳಿವಳಿಕೆ ಬೇಲಿಯಾಚೆಗೆ ದಾಟಿತೋ ಇಲ್ಲವೋ ಎಂಬುದು ನಿರ್ಧರಿಸಿತು.

ಹಳೆ ಮೈಸೂರಿನ ಕಾವಲುಗಳನ್ನು, ಅಂದರೆ ಸರ್ಕಾರಿ ಮಂದೆಗೆ ಮೀಸಲಿಟ್ಟ ಹುಲ್ಲುಗಾವಲುಗಳನ್ನು, ಇಂದಿನ ಕಡತಗಳು ಬೀಳು ನೆಲವೆಂಬಂತೆ ಕಾಣುತ್ತವೆ. ಅವು ಬೀಳಾಗಿರಲಿಲ್ಲ, ಯುದ್ಧದ ಲೆಕ್ಕಕ್ಕೆ ಒಳಪಟ್ಟ ನೆಲಗಳಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಇಲಾಖೆ. ಹೈದರ್ ಅಲಿ ಅದರ ದನಗಳನ್ನು ದಂಡಿನ ಕೆಲಸಕ್ಕೆ ತಿರುಗಿಸಿದ. ಸೋತ ಪಾಳೆಯಗಾರರ ಹಟ್ಟಿಗಳಿಂದಲೂ ದನ ಹೊಡೆದು ತಂದು ಮಂದೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ನಿಯಮಗಳನ್ನು ಬರೆಸಿದ. ಹದಿನೆಂಟನೇ ಶತಮಾನದಲ್ಲಿ ಫಿರಂಗಿ ಇದ್ದ ಮಾತ್ರಕ್ಕೆ ಯುದ್ಧ ಗೆಲ್ಲುವಂತಿರಲಿಲ್ಲ, ಅದನ್ನು ವೈರಿಗಿಂತ ಮುಂಚೆ ಜಾಗಕ್ಕೆ ಮುಟ್ಟಿಸಬೇಕಿತ್ತು. ಹೊರೆ ಎಳೆದುಕೊಂಡೇ ದಂಡಿನ ನಡಿಗೆಗೆ ಹೆಜ್ಜೆ ಹಾಕುವ, ಒಣಹುಲ್ಲು ತಿಂದು ತಾಳಿಕೊಳ್ಳುವ ಎತ್ತು ಅಂದಿನ ಲೆಕ್ಕದಲ್ಲಿ ಎಂಜಿನ್ನೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಮಂದೆಗಳು ಇಂಗ್ಲಿಷರ ಕೈಸೇರಿದವು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಫಿರಂಗಿಗಳನ್ನು ದಖ್ಖನ್ನಿನ ಉದ್ದಕ್ಕೂ ಎಳೆದದ್ದು ಮೈಸೂರಿನ ಎತ್ತುಗಳು. ಈ ಯಂತ್ರಕ್ಕೆ ಇಂಧನ ಒದಗಿಸುವ ಏರ್ಪಾಡಾಗಿ ಕಾವಲುಗಳು ನಿಂತಿದ್ದವು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲು ಗೊತ್ತುಮಾಡಿ, ಎಲ್ಲಿ ಯಾವ ತಿಂಗಳು ಹುಲ್ಲು ಚಿಗುರುತ್ತದೆ, ಎಲ್ಲಿ ಕೆರೆಯಂಗಳದಲ್ಲಿ ಕೊನೆವರೆಗೆ ನೀರು ನಿಲ್ಲುತ್ತದೆ ಎಂದು ತಿಳಿದು ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಇಷ್ಟೆಲ್ಲ ಬಲ್ಲವರು ದನಗಾಹಿಗಳು. ಸರ್ಕಾರ ಬದಲಾದರೂ ಕೆಲಸ ನಿಲ್ಲದಿದ್ದುದು ಅವರು ಬದಲಾಗದಿದ್ದುದರಿಂದ.

ಈ ವಾದಕ್ಕೆ ಬೇಕಾದ ಸಾಕ್ಷಿ 1860ರದು. ಆ ವರ್ಷ ಖರ್ಚು ಉಳಿಸುವ ನೆಪದಲ್ಲಿ ಸರ್ಕಾರ ಅಮೃತಮಹಲ್ ಇಲಾಖೆಯನ್ನು ವಿಸರ್ಜಿಸಿ ಮಂದೆಗಳನ್ನು ಮಾರಿಬಿಟ್ಟಿತು. ಆಮೇಲೆ ಒಳ್ಳೆಯ ಎತ್ತು ಸಿಗುವುದು ಕಷ್ಟವಾಗಿ, ನಾಡಿನ ದನಗಳ ಗುಣವೂ ಇಳಿಯುತ್ತಿದೆಯೆಂದು ಕಂಡು, 1866ರಲ್ಲಿ ಅದನ್ನು ಮತ್ತೆ ಕಟ್ಟಿತು. ಮುಚ್ಚಿದ ಸರ್ಕಾರಿ ತಂತ್ರಜ್ಞಾನವೊಂದನ್ನು ಆರೇ ವರ್ಷದಲ್ಲಿ ಪುನಃ ನಿಲ್ಲಿಸಲು ಆದದ್ದು ಹೇಗೆ? ಕಡತದಲ್ಲಿ ಅದು ಮುಚ್ಚಿದ್ದರೂ ನಾಡಿನಲ್ಲಿ ಮುಚ್ಚಿರಲಿಲ್ಲ. ಅಮೃತಮಹಲ್ ತಳಿಯ ಬೇರು ಹಳ್ಳಿಕಾರ್. ಹಳ್ಳಿಕಾರ್ ಇದ್ದದ್ದು ತುಮಕೂರು, ಹಾಸನ, ಮೈಸೂರು ಸೀಮೆಯ ರೈತರ ಕೊಟ್ಟಿಗೆಯಲ್ಲಿ. ಮಂದೆಯಲ್ಲಿ ಹೆಚ್ಚಾದ ಹೋರಿಗಳು ರೈತರಿಗೆ ಬರುತ್ತಿದ್ದವು. ಬೀರೂರಿನಲ್ಲಿ ಅಮೃತಮಹಲ್ ಹೋರಿಕರುಗಳನ್ನು ಹರಾಜು ಹಾಕುವ ಪದ್ಧತಿ ನಮ್ಮ ಕಾಲಕ್ಕೂ ಬಂದಿದೆ. ತಿಳಿವಳಿಕೆಯ ಮಟ್ಟಿಗಂತೂ ಸಿದ್ಧಗಂಗೆಯ ಜಾತ್ರೆ, ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಜಾತ್ರೆಗಳೇ ವಿಶ್ವವಿದ್ಯಾನಿಲಯ. ಕೊಳ್ಳುವವನು ಮೊದಲು ದನದ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ. ಆಮೇಲೆ ಬೆನ್ನ ಮೇಲೆ, ಹಣೆಯಲ್ಲಿ, ಸುಳಿ ಎಲ್ಲಿದೆ ಎಂದು ಹುಡುಕುತ್ತಾನೆ. ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಹಿಂಗಾಲು ಮುಂಗಾಲಿನ ಗುರುತಿನಲ್ಲಿ ಬೀಳುತ್ತದೆಯೇ ಎಂದು ಬಗ್ಗಿ ನೋಡುತ್ತಾನೆ. ಕೊನೆಗೆ ಟವಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ. ಸುಳಿಯ ನಂಬಿಕೆಯನ್ನು ಬಿಡಿ, ಉಳಿದದ್ದೆಲ್ಲ ಗಟ್ಟಿ ಪರೀಕ್ಷೆಯೇ. ಅದನ್ನು ಬಲ್ಲವರು ಹಳ್ಳಿಗೆ ಹತ್ತು ಜನ ಸಿಗುತ್ತಿದ್ದರು. ಯಾವ ಆಡಳಿತವೂ ಒಂದು ಆದೇಶದಲ್ಲಿ ಅಳಿಸಬಹುದಾದ ಜ್ಞಾನವಲ್ಲ ಅದು.

ಇದು ಹಳೆಯದರ ಮೇಲಿನ ವ್ಯಾಮೋಹ ಎಂದು ಆಕ್ಷೇಪಿಸುವವರಿಗೆ ಅರ್ಧ ದಾರಿ ಬಿಟ್ಟುಕೊಡಬೇಕು. ಅಮೃತಮಹಲ್ ಧರ್ಮಛತ್ರವಾಗಿರಲಿಲ್ಲ. ಅದು ದಂಡಿನ ಇಲಾಖೆ. ಕಾವಲಿನಲ್ಲಿ ಮೊದಲ ಹಕ್ಕು ಸರ್ಕಾರದ ಮಂದೆಗೆ, ಊರ ದನಗಳಿಗೆ ಆಮೇಲೆ. ಟ್ರ್ಯಾಕ್ಟರು, ಟಿಲ್ಲರು ಬಂದ ಮೇಲೆ ಎತ್ತಿನ ಬಲ ಯಾರಿಗೂ ಬೇಡವಾಗಿ, ಇಂದು ಜಾತ್ರೆಗೆ ಜೋಡಿ ಕಟ್ಟುವವರಲ್ಲಿ ಎಷ್ಟೋ ಮಂದಿ ಪ್ರತಿಷ್ಠೆಗೆ ಕಟ್ಟುವವರು. ಜ್ಞಾನ ಊರಲ್ಲಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಇದನ್ನೆಲ್ಲ ಒಪ್ಪಿದರೂ ಒಂದು ಸಂಗತಿ ಉಳಿದುಕೊಳ್ಳುತ್ತದೆ: ಫಿರಂಗಿ ಎಳೆಯುವ ಕೆಲಸ ಹೋಗಿ ಒಂದು ಶತಮಾನವೇ ಕಳೆದರೂ ಅದಕ್ಕಾಗಿ ಬೆಳೆಸಿದ ತಳಿ ಉಳುಮೆಗೆ, ಗಾಡಿಗೆ, ಗೊಬ್ಬರಕ್ಕೆ ಒದಗಿತು. ಯುದ್ಧ ಮುಗಿದ ಮೇಲೂ ಬಾಳುವುದಕ್ಕೆ ಅದಕ್ಕೆ ಬೇರೆ ದಾರಿಗಳಿದ್ದವು, ಮತ್ತು ಆ ದಾರಿಗಳನ್ನು ಹುಡುಕಿದವರು ಇಲಾಖೆಯ ಅಧಿಕಾರಿಗಳಲ್ಲ.

ಕುಣಿಗಲ್ಲಿನ ಕುದುರೆ ಫಾರಂ ಇದಕ್ಕೆ ಹೋಲಿಸಲು ತಕ್ಕದ್ದು, ಏಕೆಂದರೆ ಅದೂ ಸೇನೆಯ ಕೂಸೇ. ಟಿಪ್ಪುವಿನ ಅಶ್ವದಳಕ್ಕಾಗಿ ಶುರುವಾದದ್ದು ಎಂಬುದು ನಾಡಿನಲ್ಲಿ ರೂಢಿಯಾದ ಮಾತು. ಇಂಗ್ಲಿಷರ ಕಾಲದಲ್ಲೂ ಸೇನೆಗೆ ಕುದುರೆ ಬೆಳೆಸುವ ಕೆಲಸ ಅಲ್ಲಿ ನಡೆಯಿತು. ಕುದುರೆಯ ಯುದ್ಧಕಾಲ ಮುಗಿಯುವ ಮುನ್ನ ಮೈಸೂರಿನ ರಾವುತರಿಗೆ ಒಂದು ದೊಡ್ಡ ದಿನ ಬಂತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರದ ದಳದೊಂದಿಗೆ ಮೈಸೂರು ಲ್ಯಾನ್ಸರ್ಸ್ ಪಡೆ ಗೆದ್ದುಕೊಂಡಿತು. ಮೆಷಿನ್‌ಗನ್ನುಗಳ ಎದುರಿಗೆ ಕುದುರೆ ಓಡಿಸಿ ಗೆದ್ದ ಕಡೆಯ ಯುದ್ಧಗಳಲ್ಲಿ ಅದೊಂದು. ಅದಾದ ಮೇಲೆ ಕುದುರೆಯ ಜಾಗಕ್ಕೆ ಮೋಟಾರು ಬಂತು, ಕುಣಿಗಲ್ ರೇಸಿನ ಕುದುರೆಗಳತ್ತ ಹೊರಳಿತು. ಅಲ್ಲಿ ಹುಟ್ಟಿದ ಮರಿಗಳು ಬೆಂಗಳೂರು, ಮೈಸೂರಿನ ಮೈದಾನಗಳಲ್ಲಿ ಓಡಿದವು. 1992ರಲ್ಲಿ ಫಾರಂ ಮೂವತ್ತು ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಹಾಗಾದರೆ ಬೇಲಿಯೊಳಗೇ ಇದ್ದರೂ ಒಂದು ಕಸಬು ಇಷ್ಟು ಕಾಲ ಬಾಳಬಹುದಲ್ಲ ಎಂದು ಕೇಳಬಹುದು. ಬಾಳಬಹುದು, ಒಡೆಯನಿಗೆ ಬೇಕಿರುವಷ್ಟು ಕಾಲ. ಕುಣಿಗಲ್ಲಿನ ಲಾಯದೊಳಗೆ ದುಡಿದವರಿಗೆ ಕುದುರೆಯ ಮರ್ಮ ಗೊತ್ತಿತ್ತು, ಆದರೆ ಸುತ್ತಲ ಊರುಗಳಲ್ಲಿ ಕುದುರೆ ಕಟ್ಟುವ ಮನೆಗಳು ಹುಟ್ಟಲಿಲ್ಲ. ಆದ್ದರಿಂದ ಗುತ್ತಿಗೆಯ ಗಡುವು ಮುಗಿಯುತ್ತಲೇ ಆ ನೂರಾರು ಎಕರೆಯಲ್ಲಿ ಟೌನ್‌ಶಿಪ್ ಆಗಬೇಕೇ, ಬೆಂಗಳೂರಿನ ರೇಸ್‌ಕೋರ್ಸು ಬರಬೇಕೇ, ಫಾರಂ ಹಾಗೇ ಇರಬೇಕೇ ಎಂಬ ಚರ್ಚೆ ವಿಧಾನಸೌಧದಲ್ಲಿ ಎದ್ದಿತು. ಕುಣಿಗಲ್ಲಿನವರು ಪಾರಂಪರಿಕ ತಾಣ ಉಳಿಸಿ ಎಂದು ಕೂಗಿದರೂ ಅದು ನೆಂಟರ ಕೂಗು, ವಾರಸುದಾರರ ಕೂಗಲ್ಲ.

ಎಚ್‌ಎಂಟಿಯ ಕಥೆಯನ್ನು ನಾವು ತಪ್ಪಾಗಿ ಹೇಳಿಕೊಳ್ಳುತ್ತ ಬಂದಿದ್ದೇವೆ. ಕ್ವಾರ್ಟ್ಜ್ ಬಂತು, ಎಚ್‌ಎಂಟಿ ಕೀಲಿ ಕೊಡುವ ಗಡಿಯಾರಕ್ಕೇ ಅಂಟಿಕೊಂಡಿತು, ಸತ್ತಿತು ಎಂಬುದು ಚಹಾ ಅಂಗಡಿಯಿಂದ ಮ್ಯಾನೇಜ್‌ಮೆಂಟ್ ತರಗತಿಯವರೆಗೆ ನಡೆಯುವ ಕಥೆ. ನಡೆದದ್ದು ಇಷ್ಟು ಸರಳವಲ್ಲ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ ಎಚ್‌ಎಂಟಿ ಹುಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ ಕೈಗಡಿಯಾರಕ್ಕೆ ಇಳಿಯಿತು. ವಿದೇಶಿ ವಿನಿಮಯದ ಬರಗಾಲದ ದಿನಗಳವು; ಗಡಿಯಾರ ಎಂದರೆ ಒಂದೋ ಆಮದು, ಇಲ್ಲವೇ ಕಳ್ಳಸಾಗಣೆ. ಬೆಂಗಳೂರು, ಕಾಶ್ಮೀರದ ನಂತರ 1978ರಲ್ಲಿ ತುಮಕೂರಿಗೆ ಕಾರ್ಖಾನೆ ಬಂತು. ಹದಿನೇಳು ಕಲ್ಲುಗಳ, ತಾಸಿಗೆ 18,000 ಬಾರಿ ಮಿಡಿಯುವ ಆ ಯಂತ್ರದೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಇಕ್ಕಳದ ತುದಿಯಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರಿಸುವುದಕ್ಕೆ ಉಸಿರು ಬಿಗಿಹಿಡಿಯುವ ತಾಳ್ಮೆ ಬೇಕು. ಎಚ್‌ಎಂಟಿಯ ಜೋಡಣೆ ಸಾಲುಗಳಲ್ಲಿ ಆ ಕೆಲಸ ಬಹಳ ಮಟ್ಟಿಗೆ ಹೆಣ್ಣುಮಕ್ಕಳದು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಧಾರೆಗೆ ಕೂತ ಮದುಮಗನಿಗೆ ಎಚ್‌ಎಂಟಿ ವಾಚು ಎಂಬ ಕಾಲ. ಅದರ ಕಾಂಚನ್ ಮಾದರಿ ಬೇಕೆಂದರೆ ವಶೀಲಿ ಹಚ್ಚಬೇಕಿತ್ತು. ಇನ್ನು ಕ್ವಾರ್ಟ್ಜಿನ ಮಾತು: ಎಚ್‌ಎಂಟಿ ಅದನ್ನು ಎಂಬತ್ತರ ದಶಕದ ಆದಿಯಲ್ಲೇ, ಟೈಟಾನ್ ಹುಟ್ಟುವ ಮೊದಲೇ ತಯಾರಿಸಿತು. ತುಮಕೂರು ಕಾರ್ಖಾನೆಯ ಒಂದು ಭಾಗವನ್ನೇ ಸಿಟಿಜನ್ ಸಹಯೋಗದಲ್ಲಿ ಕ್ವಾರ್ಟ್ಜ್ ಗಡಿಯಾರಕ್ಕೆ ಬದಲಿಸಲಾಗಿತ್ತು. ತಂತ್ರಜ್ಞಾನ ತಪ್ಪಿಹೋದದ್ದರಿಂದ ಸತ್ತಿತು ಎನ್ನುವವರು ತುಮಕೂರಿನ ಈ ಸಾಲುಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ತಪ್ಪಿದ್ದೇನು? 1969ರ ಕ್ರಿಸ್ಮಸ್ ದಿನ ಜಪಾನಿನ ಸೈಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಸ್ವಿಟ್ಜರ್ಲೆಂಡೇ ತತ್ತರಿಸಿತ್ತು. 1970ರಲ್ಲಿ ಸುಮಾರು 90,000 ಮಂದಿ ದುಡಿಯುತ್ತಿದ್ದ ಅಲ್ಲಿನ ಗಡಿಯಾರ ಉದ್ಯಮದಲ್ಲಿ ಎಂಬತ್ತರ ದಶಕದ ನಡುಭಾಗಕ್ಕೆ ಮೂರರಲ್ಲಿ ಒಂದು ಪಾಲು ಉಳಿಯಿತು. ಆದರೂ ಆ ಉದ್ಯಮ ಮತ್ತೆ ಎದ್ದು ನಿಂತಿತು. ಜೂರಾ ಬೆಟ್ಟಗಳ ಊರೂರಿನಲ್ಲಿ ಸ್ಪ್ರಿಂಗ್ ಮಾಡುವವನೊಬ್ಬ, ಮುಳ್ಳು ಮಾಡುವವನೊಬ್ಬ, ಕೇಸು ಮಾಡುವವನೊಬ್ಬ ಎಂದು ಕಸಬು ನೂರಾರು ಸಣ್ಣ ಮನೆತನಗಳಲ್ಲಿ ಹಂಚಿಹೋಗಿತ್ತು. ಒಂದು ಕಂಪನಿ ಮುಳುಗಿದರೆ ಬೇರೆಯದು ಅದೇ ಕೈಗಳನ್ನು ಕರೆದುಕೊಳ್ಳುತ್ತಿತ್ತು. ತುಮಕೂರಿನಲ್ಲಿ ಅಂಥ ಹಂಚಿಕೆ ಆಗಲಿಲ್ಲ. ಎಚ್‌ಎಂಟಿ ಬಹುಪಾಲು ಬಿಡಿಭಾಗಗಳನ್ನು ತನ್ನ ಕಾರ್ಖಾನೆಗಳಲ್ಲೇ ಮಾಡಿಕೊಳ್ಳುವ ಸಂಸ್ಥೆ. ಸ್ವಾವಲಂಬನೆಯ ಕಾಲಕ್ಕೆ ಅದು ಹೆಮ್ಮೆಯ ವಿಷಯವೂ ಹೌದು. ಆದರೆ ಎಲ್ಲವೂ ಒಳಗೇ ಆದರೆ ಹೊರಗೆ ಹುಟ್ಟುವುದೇನೂ ಇಲ್ಲ. ಯಾವ ಮಾದರಿ ಮಾಡಬೇಕು, ಬೆಲೆ ಎಷ್ಟಿರಬೇಕು ಎಂಬ ತೀರ್ಮಾನಗಳು ಬೆಂಗಳೂರಿನಲ್ಲಿ, ಅದಕ್ಕೂ ಮೇಲಿನವು ದಿಲ್ಲಿಯಲ್ಲಿ. ಜ್ಞಾನ ಗೋಡೆ ಹಾರದೇ ಇರಲಿಲ್ಲ. ಹಾರಿತು, ಹಾರಿ ಹೊಸೂರಿಗೆ ಹೋಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಟೈಟಾನ್ ಕಟ್ಟಿದಾಗ ಎಚ್‌ಎಂಟಿಯಲ್ಲಿ ಪಳಗಿದವರು ಅಲ್ಲಿಗೆ ನಡೆದರು. ಹೊಸೂರು ಇಂದಿಗೂ ಗಡಿಯಾರದ ಊರು. ತುಮಕೂರಿನ ಎಚ್‌ಎಂಟಿ ಜಾಗ ಇಸ್ರೋ ಪಾಲಾಯಿತು. ಒಳ್ಳೆಯ ಕೈಗೇ ಹೋಯಿತೆನ್ನಿ. ಆದರೆ ಹತ್ತಾರು ವರ್ಷ ಗಡಿಯಾರ ಮಾಡಿದ ಊರಿನಲ್ಲಿ ಗಡಿಯಾರದ ಹೆಸರಿಗೆ ಉಳಿದದ್ದು ರಿಪೇರಿ ಅಂಗಡಿಗಳು ಮಾತ್ರ. 1866ರಲ್ಲಿ ಅಮೃತಮಹಲನ್ನು ಮತ್ತೆ ಕಟ್ಟಿದಂತೆ ಇಲ್ಲಿ ಗಡಿಯಾರವನ್ನು ಮತ್ತೆ ಕಟ್ಟಲು ಬೇಕಾದ ಬೀಜ ಇಲ್ಲ.

ಇಲ್ಲೊಂದು ಬಲವಾದ ಆಕ್ಷೇಪ ಬರುತ್ತದೆ. ಎತ್ತನ್ನು ಕೊಟ್ಟಿಗೆಯಲ್ಲಿ ಸಾಕಬಹುದು. ಮೈಕ್ರಾನ್ ಲೆಕ್ಕದ ನಿಖರತೆ ಬೇಡುವ ಯಂತ್ರಕ್ಕೆ ಗೋಡೆ, ಹವಾನಿಯಂತ್ರಣ, ಗುಟ್ಟು ಎಲ್ಲ ಬೇಕು, ಅದನ್ನು ಹಟ್ಟಿಹಟ್ಟಿಗೆ ಹಂಚಲಾಗದು ಎಂದು. ಈ ಮಾತನ್ನು ಸುಳ್ಳು ಮಾಡಿದ್ದು ಎಚ್‌ಎಂಟಿಯ ಇನ್ನೊಂದು ಮುಖವೇ. ಅದರ ಯಂತ್ರೋಪಕರಣ ವಿಭಾಗ ಹೊರಗಿನಿಂದ ಬಿಡಿಭಾಗ ತರಿಸಿಕೊಂಡದ್ದರಿಂದ, ಅಲ್ಲಿ ಕಲಿತವರು ಹೊರಬಂದು ಲೇತು ಹಾಕಿಕೊಂಡದ್ದರಿಂದ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯುವುದಕ್ಕೆ ಗೊಬ್ಬರ ಸಿಕ್ಕಿತು. ಬೆಂಗಳೂರಿನಲ್ಲಿ ಬೇರೆ ಸಾರ್ವಜನಿಕ ಉದ್ದಿಮೆಗಳೂ ಇದ್ದವು, ಕೊಳ್ಳುವವರು ಹಲವರಿದ್ದರು, ಅದು ನಿಜ. ಆದರೆ ಅದೇ ಕಂಪನಿ ಒಂದು ಊರಿನಲ್ಲಿ ಪೀಣ್ಯಕ್ಕೆ ನೀರೆರೆದು, ಎಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಊರಿನಲ್ಲಿ ಖಾಲಿ ಶೆಡ್ಡು ಬಿಟ್ಟುಹೋಯಿತು ಎಂದರೆ ವ್ಯತ್ಯಾಸವನ್ನು ನಿಖರತೆಯಲ್ಲಿ ಹುಡುಕಬಾರದು, ಕೊಳ್ಳುವ ಪದ್ಧತಿಯಲ್ಲಿ ಹುಡುಕಬೇಕು.

ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ನಿಂತ 615 ಎಕರೆಯ ಪ್ರಶ್ನೆಯೂ ಇದೇ. ಭಾರತ ಫ್ರಾನ್ಸಿನಿಂದ ಅಲೂವೆಟ್ ಹೆಲಿಕಾಪ್ಟರಿನ ಪರವಾನಗಿ ಪಡೆದದ್ದು 1962ರಲ್ಲಿ. ಅದನ್ನು ಎಚ್‌ಎಎಲ್ ಚೇತಕ್ ಎಂದು ಕರೆಯಿತು. ರಾಣಾ ಪ್ರತಾಪನ ಕುದುರೆಯ ಹೆಸರು, ಕುಣಿಗಲ್ಲಿನವರು ಮೆಚ್ಚಬೇಕಾದದ್ದು. ಅರ್ಧ ಶತಮಾನ ದಾಟಿದ ಆ ಚೇತಕ್ ಮತ್ತು ಸಿಯಾಚಿನ್ ಹಿಮದಲ್ಲಿ ಹಾರುವ ಚೀತಾಗಳನ್ನು ಬದಲಿಸಲು ಲಘು ಬಳಕೆಯ ಹೆಲಿಕಾಪ್ಟರ್ ಬೇಕಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಅಷ್ಟು ಎತ್ತರದಲ್ಲಿ ಹೋರಾಡುವ ಹೆಲಿಕಾಪ್ಟರ್ ಇಲ್ಲದೆ ಪಟ್ಟ ಪಾಡಿನಿಂದ ಪ್ರಚಂಡ್ ಎಂಬ ಯುದ್ಧ ಹೆಲಿಕಾಪ್ಟರ್ ಹುಟ್ಟಿತು. ಅಡಿಗಲ್ಲಿನ ಕೆಲವೇ ದಿನ ಮೊದಲು, 2015ರ ಡಿಸೆಂಬರಿನಲ್ಲಿ, ರಷ್ಯಾದ ಜತೆ 200 ಕಾಮೋವ್ ಹೆಲಿಕಾಪ್ಟರುಗಳ ಒಪ್ಪಂದವಾಗಿ, ಅವೂ ತುಮಕೂರಿಗೇ ಬರುತ್ತವೆ ಎಂಬ ಮಾತಿತ್ತು. ಅದು ಕಾಗದದಲ್ಲೇ ಉಳಿಯಿತು. ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ಪ್ರಚಂಡ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತು. ತಯಾರಿ ಬೆಂಗಳೂರು ಮತ್ತು ತುಮಕೂರಿನಲ್ಲಿ. ಇದರಲ್ಲಿ ಸ್ವದೇಶಿ ಎಷ್ಟು ಎಂದು ಅಳೆಯುವವರು ಎಂಜಿನ್ ಫ್ರಾನ್ಸಿನ ಕಂಪನಿಯ ಜತೆ ಸೇರಿ ಮಾಡಿದ್ದಲ್ಲವೇ ಎಂದು ಕೊಂಕು ತೆಗೆಯುತ್ತಾರೆ. ಆ ಕೊಂಕಿಗೆ ನನ್ನ ಮಟ್ಟಿಗೆ ಬೆಲೆಯಿಲ್ಲ. ಅಶ್ವದಳದ ಕುದುರೆಯ ರಕ್ತ ಅರಬ್ಬಿಯದು, ಗಡಿಯಾರ ಜಪಾನಿನದು. ಹೊರಗಿನ ಬೇರಿಲ್ಲದ ತಂತ್ರಜ್ಞಾನ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬೇರು ಎಲ್ಲಿಯದೇ ಇರಲಿ, ಮುಂದಿನ ಪೀಳಿಗೆ ಇಲ್ಲೇ ಹುಟ್ಟುತ್ತದೆಯೇ ಎಂದು ಕೇಳಬೇಕು. ಕಾರ್ಖಾನೆಯಿಂದ ನೇರವಾಗಿ ಮತ್ತು ಪರೋಕ್ಷವಾಗಿ ಸುಮಾರು 6,000 ಉದ್ಯೋಗ ಎಂದು ಸರ್ಕಾರ ಹೇಳಿದೆ. ನೇರವಾದದ್ದು ಅಧಿಸೂಚನೆಯಿಂದ ಬರುತ್ತದೆ. ಪರೋಕ್ಷವಾದದ್ದು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಎಚ್‌ಎಂಟಿಯೇ ಸಾಕ್ಷಿ.

ಪರೋಕ್ಷವಾದದ್ದು ಬರಬೇಕಾದ ಜಾಗ ಕೋರ ಹೋಬಳಿ. ಅಲ್ಲಿನ ವಸಂತನರಸಾಪುರಕ್ಕೂ ದೊಡ್ಡ ತಾರೀಕುಗಳ ಭಾಗ್ಯವಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರುವುದನ್ನು ಬೆಂಗಳೂರಿನಲ್ಲಿ ಕುಳಿತು ನೋಡಿದ ಪ್ರಧಾನಿ, ಅದೇ ದಿನ ವಸಂತನರಸಾಪುರಕ್ಕೆ ಬಂದು ಇಂಡಿಯಾ ಫುಡ್ ಪಾರ್ಕ್ ಉದ್ಘಾಟಿಸಿದರು. ಅದರ ಹಿಂದಿದ್ದ ಫ್ಯೂಚರ್ ಗ್ರೂಪ್ ಮುಂದೆ ಕೋವಿಡ್ ಹೊಡೆತಕ್ಕೆ, ಅಮೆಜಾನ್ ಜತೆ ಸಿಂಗಪುರದ ಪಂಚಾಯ್ತಿಯವರೆಗೆ ಹೋದ ವ್ಯಾಜ್ಯಕ್ಕೆ ಸಿಕ್ಕಿ ಕುಸಿಯಿತು. ಸಮೂಹದ ಚಿಲ್ಲರೆ ವ್ಯಾಪಾರದ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ರಾಗಿ, ಹುಣಸೆ, ಮಾವಿನ ಸೀಮೆಯ ಭವಿಷ್ಯ ಸಿಂಗಪುರದಲ್ಲಿ ಕಾದಾಡುವ ಕಕ್ಷಿಗಾರರ ಕೈಗೂ ಒಂದಿಷ್ಟು ಸಿಕ್ಕಿಕೊಂಡಿತ್ತು ಎಂದು ಕೋರದ ರೈತನಿಗೆ ಯಾರೂ ಹೇಳಿರಲಾರರು. ಈಗ ಅಲ್ಲಿ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ಟೌನ್‌ಶಿಪ್ ಬರುತ್ತಿದೆ. ಕಾರಿಡಾರಿನ ನಕ್ಷೆ ಜಪಾನಿನ ಜೈಕಾ ಸಂಸ್ಥೆಯ ಅಧ್ಯಯನದಿಂದ ಬಂದದ್ದು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಸುಮಾರು 1,700 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮೂರು ಹಂತಗಳಲ್ಲಿ 8,484 ಎಕರೆ. ಅಮೆರಿಕ–ಚೀನಾ ವ್ಯಾಪಾರ ಯುದ್ಧದಿಂದ ಕಾರ್ಖಾನೆಗಳು ಜಾಗ ಬದಲಿಸುತ್ತಿರುವ ಈ ಹೊತ್ತಿನಲ್ಲಿ ಇಷ್ಟು ನೆಲ ಸಿದ್ಧವಾಗಿರುವುದು ಜಾಣತನವೇ. ಆದರೆ ಒಂದು ವ್ಯಾಪಾರ ಯುದ್ಧ ತಂದ ಕಾರ್ಖಾನೆಯನ್ನು ಮುಂದಿನ ವ್ಯಾಪಾರ ಯುದ್ಧ ಎತ್ತಿಕೊಂಡು ಹೋಗಬಹುದು. ಆಗ ಕೋರದಲ್ಲಿ ಉಳಿಯುವುದೇನು ಎಂಬ ಲೆಕ್ಕ ನಿವೇಶನ ಹಂಚುವಾಗಲೇ ಆಗಬೇಕು.

ಸಂಶೋಧನೆ ಊರಿನ ಕೈಗೆ ಹೇಗೆ ದಾಟುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವಿದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿನ ರೈತರೊಬ್ಬರ ತೋಟದಲ್ಲಿ ತಂದೆ ನೆಟ್ಟಿದ್ದ ಕೆಂಪು ತೊಳೆಯ ಹಲಸಿನ ಮರವೊಂದನ್ನು ವಿಜ್ಞಾನಿಗಳು ಪರೀಕ್ಷಿಸಿ, ಆ ತಂದೆಯ ನೆನಪಿಗೆ ಸಿದ್ದು ಹಲಸು ಎಂದು ಹೆಸರಿಟ್ಟರು. ಮರದ ಕಡ್ಡಿಯಿಂದ ಕಸಿ ಮಾಡಿದ ಸಸಿಗಳ ಮಾರಾಟದ ಆದಾಯದಲ್ಲಿ ಶೇಕಡಾ 75 ರೈತನಿಗೆ ಎಂದು ಒಪ್ಪಂದವಾಯಿತು. ಪ್ರಯೋಗಾಲಯ ಗುಣ ಅಳೆದುಕೊಟ್ಟಿತು, ತಾಯಿಮರ ಮಾತ್ರ ತೋಟದಲ್ಲೇ ಉಳಿಯಿತು. ಹಲಸಿನ ಕಸಿಗೂ ಹೆಲಿಕಾಪ್ಟರಿಗೂ ಎಲ್ಲಿಯ ಸಂಬಂಧ ಎಂದು ನಗಬಹುದು. ವಸ್ತುವಿಗೆ ಸಂಬಂಧವಿಲ್ಲ, ಕರಾರಿಗಿದೆ. ಸಂಶೋಧನೆಯ ಫಲದಲ್ಲಿ ಊರಿನ ಪಾಲು ಎಷ್ಟು ಎಂದು ಮೊದಲೇ ಬರೆದಿಡುವುದು ಹಿರೇಹಳ್ಳಿಯಲ್ಲಿ ಸಾಧ್ಯವಾದರೆ ಬಿದರೆಹಳ್ಳದಲ್ಲಿ ಅಸಾಧ್ಯವೇನಲ್ಲ. ರಕ್ಷಣೆಯ ಗುಟ್ಟು ಅಡ್ಡಬರುತ್ತದೆ ಎಂಬ ಸಬೂಬು ಆಯುಧದ ಎಲೆಕ್ಟ್ರಾನಿಕ್ಸಿಗೆ ಒಪ್ಪುತ್ತದೆ, ಲ್ಯಾಂಡಿಂಗ್ ಗೇರಿನ ಬೋಲ್ಟಿಗೆ ಒಪ್ಪುವುದಿಲ್ಲ.

ಈ ಕಾರ್ಖಾನೆಗೆ ಎಚ್‌ಎಂಟಿಗೆ ಇರದಿದ್ದ ಒಂದು ಅನುಕೂಲವಿದೆ. ಕೆಟ್ಟ ಗಡಿಯಾರ ತುಮಕೂರಿನ ಕಾರ್ಖಾನೆಗೆ ಮರಳಿ ಬರುತ್ತಿರಲಿಲ್ಲ. ಹೆಲಿಕಾಪ್ಟರ್ ಹಾಗಲ್ಲ, ಅದು ಮೂವತ್ತು ವರ್ಷ ಹಾರುತ್ತದೆ, ಇಷ್ಟು ಗಂಟೆಗೊಮ್ಮೆ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ ಜೋಡಿಸಲೇಬೇಕು. ದುರಸ್ತಿ ಮತ್ತು ಕೂಲಂಕಷ ನಿರ್ವಹಣೆಯ ಕೆಲಸವೂ ಮುಂದೆ ಇಲ್ಲೇ ನಡೆಯುತ್ತದೆ ಎಂದು ಉದ್ಘಾಟನೆಯ ವೇಳೆ ಸರ್ಕಾರ ಹೇಳಿದೆ. ಹೊಸದಾಗಿ ಮಾಡುವುದಕ್ಕಿಂತ ದುರಸ್ತಿಯಲ್ಲೇ ಕಲಿಯುವುದು ಹೆಚ್ಚು, ಸಣ್ಣ ಕಾರ್ಯಾಗಾರಗಳಿಗೆ ಜಾಗವೂ ಅಲ್ಲೇ ಹೆಚ್ಚು. 1963ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, 2004ರಲ್ಲಿ ಬಂದ ತುಮಕೂರು ವಿಶ್ವವಿದ್ಯಾನಿಲಯ, ಗುಬ್ಬಿ ಕುಣಿಗಲ್ಲಿನ ಐಟಿಐಗಳು ಈ ದುರಸ್ತಿಯ ಪಾಠವನ್ನು ಈಗಲೇ ಬರೆದುಕೊಳ್ಳಬೇಕು. ಯಾವ ಬಿಡಿಭಾಗವನ್ನು ಹೊರಗೆ ಕೊಡಬಹುದು ಎಂಬ ಪಟ್ಟಿಯನ್ನು ಎಚ್‌ಎಎಲ್ ಕೋರದ ಶೆಡ್ಡುಗಳ ಬಾಗಿಲಿಗೆ ಅಂಟಿಸಬೇಕು. 156 ಪ್ರಚಂಡ್‌ಗಳಲ್ಲಿ ಮೊದಲನೆಯದು ಒಪ್ಪಂದದ ಮೂರನೇ ವರ್ಷಕ್ಕೆ ಸೇನೆಯ ಕೈಸೇರಬೇಕು. ಅದು ಮೊದಲ ದುರಸ್ತಿಗೆ ಮರಳಿ ಬರುವ ಹೊತ್ತಿಗೆ ಆ ಪಟ್ಟಿ ಎಷ್ಟು ಉದ್ದವಾಗಿದೆ ಎಂದು ನೋಡಬಹುದು.